ಮುಖ ಕಾಣುವಷ್ಟು ಹೊಳಪು

ಚನ್ನಪಟ್ಟಣದಲ್ಲಿ ಆಫ್ತಾಬ್‌ನ ಮನೆಯ ಗಂಡಸರೆಲ್ಲ ಬೊಂಬೆ ಕಡೆದವರು. ತಿರುಗುವ ಮರಕ್ಕೆ ಅರಗಿನ ಕಡ್ಡಿ ಒತ್ತಿ, ತಾಳೆಗರಿಯಿಂದ ತಿಕ್ಕಿ, ಬಣ್ಣದೊಳಗೆ ತನ್ನ ಮುಖ ಕಂಡ ಮೇಲೆಯೇ ಬೊಂಬೆಯನ್ನು ಕೆಳಗಿಡಬೇಕು. ಅವನ ಅಪ್ಪ ಪೀರ್ ಸಾಬ್ ಕಲಿಸಿದ ವಿದ್ಯೆ ಅದು. ಮರದ ಧೂಳು ಎದೆ ಹೊಕ್ಕು ಉಸಿರು ಕಟ್ಟತೊಡಗಿದಾಗ ಡಾಕ್ಟರು ಆ ಕೆಲಸ ಬಿಡಿಸಿದರು. ಹಾರೋಹಳ್ಳಿಯ ಸಣ್ಣ ಕಾರ್ಖಾನೆಯೊಂದು ಅವನನ್ನು ಸೇರಿಸಿಕೊಂಡಿತು. ಇದೂ ಹೋದರೆ ಬೇರೆ ಜಾಗವಿಲ್ಲವೆಂದು ಅವನಿಗೆ ಗೊತ್ತಿತ್ತು.

ಅಲ್ಲಿ ಕಂಚಿನ ಪುಡಿಯನ್ನು ಅಚ್ಚಿಗೆ ಒತ್ತಿ, ಕರಗದಷ್ಟೇ ಬಿಸಿಯಲ್ಲಿ ಬೇಯಿಸಿ, ರೇಷ್ಮೆ ಬಿಚ್ಚುವ ಯಂತ್ರಗಳಿಗೆ ಬುಷ್, ಅಂದರೆ ತಿರುಗುವ ಕಂಬಿಗೆ ತೊಡಿಸುವ ಬಳೆ, ಮಾಡುತ್ತಾರೆ. ಕುಲುಮೆಯಲ್ಲಿ ಕಣಕ್ಕೆ ಕಣ ಅಂಟಿಕೊಳ್ಳುತ್ತದೆ; ನಡುವೆ ಉಳಿಯುವ ಸಣ್ಣ ತೂತುಗಳಲ್ಲಿ ಎಣ್ಣೆ ನಿಲ್ಲುತ್ತದೆ. ಮಾಗಡಿ ಕಡೆಯ ಕಲ್ಯದ ಹುಡುಗಿ, ಎಂಜಿನಿಯರ್ ರಮ್ಯಾ, ಬೇರೆ ಬೇರೆ ಹೊತ್ತು ಬೆಂದ ಬುಷ್‌ಗಳನ್ನು ಕೊಯ್ಯಿಸಿ, ಮೈಕ್ರೋಸ್ಕೋಪಿನಲ್ಲಿ ಚಿತ್ರ ಹಿಡಿದು ಕಂಪ್ಯೂಟರಿಗೆ ಕೊಡುತ್ತಿದ್ದಳು. ಕಣಗಳು ಹೇಗೆ ಕೂಡುತ್ತವೆಂದು ಕಂಪ್ಯೂಟರ್ ತೆರೆಯ ಮೇಲೆ ಆಡಿಸಿ ತೋರಿಸಿ, ಎಷ್ಟು ಹೊತ್ತು ಬೇಯಿಸಿದರೆ ಸಾಕೆಂದು ಹೇಳಬೇಕು. ಚಿತ್ರಕ್ಕೆ ಮುಂಚೆ ಕೊಯ್ದ ಮುಖವನ್ನು ನಯ ಮಾಡುವುದು ಆಫ್ತಾಬ್‌ನ ಕೆಲಸ.

ಅವನು ನಯ ಮಾಡಿದ. ಕುಲುಮೆ ನೋಡುವ ಅಂಕಯ್ಯ ಹಾದುಹೋಗುವಾಗಲೆಲ್ಲ ಬಗ್ಗಿ ಮೀಸೆ ತೀಡಿಕೊಳ್ಳುತ್ತಿದ್ದ.

"ಏನ್ಲಾ ಆಫ್ತಾಬು, ಕನ್ನಡಿ ಅಂಗ್ಡಿ ಇಕ್ಬುಟ್ಟಿದೀಯಲ್ಲ."

ಆಫ್ತಾಬ್‌ಗೆ ಅದು ಹೊಗಳಿಕೆ.

ಚಿತ್ರಗಳಲ್ಲಿ ತೂತುಗಳು ಬಹಳ ಕಡಿಮೆಯಿದ್ದವು. ಕಣಗಳು ಬೇಗ ಕೂಡಿಬಿಡುತ್ತವೆಂದು ಕಂಪ್ಯೂಟರ್ ಲೆಕ್ಕ ಹಾಕಿತು. ಬೇಯಿಸುವ ಹೊತ್ತನ್ನು ಇಳಿಸಿದರು. ರಾಮನಗರದಲ್ಲಿ ರೇಷ್ಮೆ ಬಿಚ್ಚುವ ರೀಲರ್‌ಗಳಿಗೆ ಹೋದ ಬುಷ್‌ಗಳು ಬೇಯದ ಇಟ್ಟಿಗೆಯ ಹಾಗೆ ಉದುರಿ, ಚೀಲ ತುಂಬಿ ಹಿಂದಿರುಗಿದವು.

ರಮ್ಯಾ ಒಂದು ಬುಷ್ ಮುರಿದು, ತಿಕ್ಕಿಸದೆ, ಮುರಿದ ಮುಖವನ್ನೇ ಮೈಕ್ರೋಸ್ಕೋಪಿನಡಿ ಇಟ್ಟಳು. ಎಲ್ಲೆಲ್ಲೂ ತೂತು. ಆಫ್ತಾಬ್‌ನನ್ನು ಕರೆದು ತೋರಿಸಿದಳು. ಒತ್ತಿ ತಿಕ್ಕಿದರೆ ಕಂಚು ಅರಗಿನ ಹಾಗೆ ಹರಡಿ ತೂತಿನ ಬಾಯಿ ಮುಚ್ಚುತ್ತದೆ.

"ಯಾಕಣ್ಣ ಹಿಂಗೆ ಒತ್ತಿ ತಿಕ್ದೆ?"

"ಹೊಳೀಲಿಲ್ಲ ಅಂದ್ರೆ ನಮ್ಮಪ್ಪ ಬೊಂಬೇನ ಒಲೆಗೆ ಹಾಕ್ಬುಡೋನು, ಮೇಡಂ."

ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು. ಸಾಯಂಕಾಲದೊಳಗೆ ತೂತು ಕಾಣುವ ಹಾಗೆ ಒಂದು ಚೂರನ್ನಾದರೂ ಮಾಡಿಕೊಡಬೇಕು, ಆಗದಿದ್ದರೆ ನಾಳೆಯಿಂದ ಬೇರೆಯವರು ಬರುತ್ತಾರೆ ಎಂದು ಯಜಮಾನರು ಹೇಳಿ ಕಳಿಸಿದ್ದರು. ರಮ್ಯಾ ಹೊಸ ಚೂರುಗಳನ್ನು ತಂದಿಟ್ಟಳು.

"ಒಸಿ ಮುಟ್ಟಣ್ಣ, ಸಾಕು. ಗೀರು ಹೋಯ್ತಿದ್ದಂಗೆ ಕೈ ಎತ್ಬುಡು."

ಆಫ್ತಾಬ್ ತಿರುಗುವ ಚಕ್ರದ ಮುಂದೆ ಕೂತ. ಹಗುರವಾಗಿ ಮುಟ್ಟಿಸಿದ, ಎತ್ತಿದ. ಹೆಬ್ಬೆರಳಿಂದ ಸವರಿದಾಗ ಎಲ್ಲೋ ಒಂದಿಷ್ಟು ಒರಟು ತಾಗಿತು. ಇನ್ನೊಂದೇ ಸಲ ಎಂದುಕೊಂಡ. ಮಣಿಕಟ್ಟು ತಾನಾಗಿ ಭಾರ ಹಾಕಿತು. ಎತ್ತು, ಎತ್ತು ಎಂದು ತುಟಿ ಹೇಳುತ್ತಲೇ ಇತ್ತು; ಕೈ ಕೇಳಲಿಲ್ಲ. ರಮ್ಯಾ ಒಂದೊಂದು ಚೂರನ್ನೂ ಮೈಕ್ರೋಸ್ಕೋಪಿಗೆ ಒಯ್ದು ನೋಡಿ, ಕೆಟ್ಟವುಗಳ ಡಬ್ಬಿಗೆ ಹಾಕಿ, ಮುಂದಿನದಕ್ಕೆ ಬಂದಳು.

ಕೊನೆಯದನ್ನು ಅವಳು ಒಯ್ಯಲೇ ಇಲ್ಲ. ಅವನೇ ಅದನ್ನು ಕಿಟಕಿಯ ಇಳಿಬಿಸಿಲಿಗೆ ಹಿಡಿದ. ಅದರೊಳಗೆ ಅವನ ಮುಖವಿತ್ತು, ಗಡ್ಡದ ನೆರೆಗೂದಲು ಸಮೇತ.