ಕೊನೆಯ ರಂಪಣಿಯ ದಿನ

ದೆವ್ವ, ಮಾಟ, ಮೈಮೇಲೆ ಬರುವುದು ಎಂದರೆ ನನಗೆ ಮೊದಲಿನಿಂದಲೂ ನಗು. ಕಲಘಟಗಿಯಲ್ಲಿ ಗುಮಾಸ್ತನಾಗಿ ಸೇರಿದ ಮೇಲಂತೂ ಇಂಥ ಮಾತು ಎತ್ತಿದವರನ್ನು ಗೇಲಿ ಮಾಡಿ ಬಾಯಿ ಮುಚ್ಚಿಸುತ್ತಿದ್ದೆ. ಈಗಲೂ ನಾನು ನಂಬುವವನಲ್ಲ. ಆದರೆ ಎಪ್ಪತ್ತರ ದಶಕದಲ್ಲಿ ನಮ್ಮ ಮನೆಯಲ್ಲೇ ನಡೆದ ಒಂದು ಸಂಗತಿಗೆ ನನ್ನ ಹತ್ತಿರ ಉತ್ತರವಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳುತ್ತೇನೆ, ನೀವು ಏನು ಬೇಕಾದರೂ ಅಂದುಕೊಳ್ಳಿ.

ನಮ್ಮದು ದೇವಿಕೊಪ್ಪ. ಕಾರವಾರದ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ಮೀನಿನ ಲಾರಿಗಳು ನಮ್ಮೂರ ಮೇಲೆಯೇ ಹಾಯುತ್ತಿದ್ದವು. ಅಣ್ಣ ಯಲ್ಲಪ್ಪ ಸುಗ್ಗಿ ಮುಗಿದ ಕೂಡಲೇ ಅಂಥದೇ ಒಂದು ಲಾರಿ ಹತ್ತಿ ಅಂಕೋಲೆಯ ಹತ್ತಿರದ ಕಡಲದಂಡೆಗೆ ಹೋಗುತ್ತಿದ್ದ. ಅಲ್ಲಿ ದಂಡೆಯ ಮೇಲೆ ನಿಂತು ರಂಪಣಿ ಎಂಬ ದೊಡ್ಡ ಬಲೆಯನ್ನು ಎಳೆಯುವ ಕೆಲಸ. ಮುಂಗಾರು ಬಿತ್ತನೆಗೆ ಮೊದಲು ತಿರುಗಿ ಬರುತ್ತಿದ್ದ. ಸಮುದ್ರವನ್ನೇ ಕಾಣದ ನಮ್ಮೂರಿನವರು ಅವನನ್ನು ‘ಸಮುದ್ರದ ಅಳಿಯ’ ಎಂದು ಚಾಷ್ಟಿ ಮಾಡುತ್ತಿದ್ದರು. ಬರುವಾಗ ಅವ್ವನಿಗೆ ಉಪ್ಪು ಹಾಕಿದ ಬಂಗಡೆ ಮೀನು ತರುವುದನ್ನು ಅವನು ಒಮ್ಮೆಯೂ ತಪ್ಪಿಸಿರಲಿಲ್ಲ.

ಆ ವರ್ಷ ಬೇಸಿಗೆಯ ಬಾಯಿಗೆ ಅವ್ವ ಜ್ವರದಿಂದ ಹಾಸಿಗೆ ಹಿಡಿದಳು. ಡಾಕ್ಟರು ಏನೂ ಬಿಚ್ಚಿ ಹೇಳಲಿಲ್ಲ, ಆದರೆ ಅವಳ ಮುಖ ನೋಡಿದವರಿಗೆ ಗೊತ್ತಾಗುತ್ತಿತ್ತು. “ಯಲ್ಲಪ್ಪನ್ನ ಕರ್ಕೊಂಡ ಬಾ. ಇಬ್ರನೂ ಒಮ್ಮಿ ಕೂಡೇ ನೋಡ್ತೀನಿ,” ಎಂದಳು. ಬಾಜು ಮನೆಯ ಗಂಗವ್ವನಿಗೆ ಅವಳನ್ನು ಒಪ್ಪಿಸಿ ನಾನು ಸಿಕ್ಕ ಲಾರಿ ಹತ್ತಿದೆ.

ಬೆಳಕು ಹರಿಯುವಾಗ ದಂಡೆ ಮುಟ್ಟಿದೆ. ಮೀನಿನ ಹಂಗಾಮು ಮುಗಿಯುತ್ತ ಬಂದಿತ್ತು. ತೆಂಕಣ ಗಾಳಿ ಬೇಗ ಎದ್ದು ನೀರು ರಾಡಿಯಾಗಿತ್ತು. ಬಂಗಡೆ ಆಳಕ್ಕೆ ಇಳಿದು, ವಾರಗಟ್ಟಲೆ ಬಲೆಗೆ ಬರೀ ಅಂಬಲಿ ಮೀನು ಎಂಬ, ಮುಟ್ಟಿದರೆ ಮೈ ಉರಿಯುವ ಲೋಳೆ ಬೀಳುತ್ತಿತ್ತಂತೆ. ಕೆಲವು ದೋಣಿಗಳನ್ನು ಆಗಲೇ ಮೇಲೆಳೆದು ತೆಂಗಿನ ಗರಿ ಹೊದಿಸಿದ್ದರು. ಅಂದು ಮಾತ್ರ ಹಕ್ಕಿಗಳು ನೀರಿಗೆ ಎರಗುವುದನ್ನು ಕಂಡು, ಅವರ ಮುಖಂಡ ತಾಂಡೇಲ ಕೊನೆಯದೊಂದು ಬಲೆ ಬಿಡಿಸಿದ್ದ. ಅಣ್ಣ ಆಗಲೇ ಹಗ್ಗ ಹಿಡಿದು ಮೊಣಕಾಲುದ್ದ ನೀರಿನಲ್ಲಿ ನಿಂತಿದ್ದ.

ಸುದ್ದಿ ಕೇಳಿ ಅವನ ಮುಖ ಕಪ್ಪಿಟ್ಟಿತು. ಆದರೆ ಹಗ್ಗಕ್ಕೆ ಕೈ ಹಚ್ಚಿದವನು ಬಲೆ ದಡ ಸೇರುವವರೆಗೆ ಬಿಡುವಂತಿಲ್ಲ ಎಂಬುದು ಅಲ್ಲಿನ ಕಟ್ಟಳೆ. ಒಬ್ಬ ಬಿಟ್ಟರೂ ಬಲೆ ಓರೆಯಾಗಿ ಎಲ್ಲರ ಮೀನೂ ಹೋಗುತ್ತದೆಂದು ಅವರ ನಂಬಿಕೆ. “ಹಿಡ್ದ ಹಗ್ಗ ಬಿಡೂಕಾಗ ಮಾರಾಯಾ. ಮಧ್ಯಾಹ್ನದೊಳಗೆ ಮುಗೀತದೆ,” ಎಂದ ತಾಂಡೇಲ. ಬೇಗ ಮುಗಿಯಲಿ ಎಂದು ನಾನೂ ಧೋತರ ಮೇಲೆ ಕಟ್ಟಿ ಅಣ್ಣನ ಹಿಂದೆ ನಿಂತೆ.

ಬಲೆ ವಿಪರೀತ ಭಾರವಿತ್ತು. ಎಲ್ಲರೂ ಸೇರಿ ಜಗ್ಗಿದರೂ ಒಂದು ಮಾರು ಹಗ್ಗ ಬರುವುದು ಕಷ್ಟವಾಗಿತ್ತು. ಹೊತ್ತು ಏರಿದ ಮೇಲೆ ಒಮ್ಮೆಲೇ ಹಗ್ಗ ಹಗುರಾಯಿತು. ಬಲೆ ಹರಿಯಿತೆಂದು ಜನ ಕೂಗಿಕೊಂಡರು. ಹರಿದಿರಲಿಲ್ಲ. ನಮ್ಮ ಹಿಂದೆ ಗಟ್ಟಿಯಾದ ಆಳೊಬ್ಬ ನಿಂತು ಎಳೆದ ಹಾಗೆ ಹಗ್ಗ ಸರಸರನೆ ಬಂತು. “ಹೊಸಬ್ರು ಯಾರು ಕೈ ಹಾಕಿದ್ರು?” ಎಂದು ತಾಂಡೇಲ ಕೇಳಿದ. ತಿರುಗಿ ನೋಡಿದೆ. ಕೊನೆಯಲ್ಲಿ ನಿಂತವನು ನಾನೇ, ನನ್ನ ಹಿಂದೆ ಹಗ್ಗ ಮರಳಿನಲ್ಲಿ ಬಿದ್ದಿತ್ತು. ದಡಕ್ಕೆ ಬಂದ ಬಲೆಯ ತುಂಬ ಬಂಗಡೆ. ಆ ಹಂಗಾಮಿನಲ್ಲೇ ಅಂಥ ಬೇಟೆ ಬಿದ್ದಿರಲಿಲ್ಲ ಎಂದರು.

ಹುಬ್ಬಳ್ಳಿಯ ಲಾರಿಯೊಂದು ಹೊರಟು ನಿಂತಿತ್ತು. ಹತ್ತೋಣ ಎಂದೆ. ಅಣ್ಣ ಮೀನಿನ ರಾಶಿಯ ಕಡೆ ನೋಡಿದ. “ಹಂಗ ಕೈ ಬೀಸ್ಕೋತ ಹೆಂಗ ಹೋಗೂದಲೇ? ಅವ್ವಗ ಬಂಗಡಿ ಅಂದ್ರ ಜೀವ. ಪಾಲು ತಗೊಂಡ ಹೋಗೂಣು,” ಎಂದ. ಸಾರಿನ ವಾಸನೆಗಾದರೂ ಅವ್ವ ಎದ್ದು ಕೂತಾಳೆಂದು ನನಗೂ ಆಸೆಯಾಯಿತು. ಲಾರಿ ಹೋಯಿತು. ಪಾಲು ಹಂಚಲು ಬಹಳ ಹೊತ್ತು ಹಿಡಿಯಿತು.

ಮುಂದಿನ ಲಾರಿ ಅರಬೈಲು ಘಟ್ಟ ಹತ್ತಿ ನಮ್ಮೂರು ಮುಟ್ಟಿದಾಗ ದೀಪ ಹಚ್ಚುವ ಸಮಯ. ಮನೆಯ ಮುಂದೆ ಜನ ಕೂತಿದ್ದರು. ಅವ್ವ ಹೋಗಿ ಬಹಳ ಹೊತ್ತಾಗಿರಲಿಲ್ಲ, ಮೈ ಇನ್ನೂ ಬೆಚ್ಚಗಿತ್ತು.

ಗಂಗವ್ವ ಅಳುತ್ತ ಹೇಳಿದಳು: “ಮುಂಜಾನಿಂದ ಎರಡೂ ಕೈಲೆ ಗಾಳ್ಯಾಗ ಏನೋ ಜಗ್ಗಾಕ್ಹತ್ತಿದ್ಳೋ ತಮ್ಮಾ. ಬ್ಯಾಡ ಬೇ, ದಣೀತಿ ಅಂದ್ರ ಕೇಳಲಿಲ್ಲ. ಹೊತ್ತ ಏರಿದ ಮ್ಯಾಲೆ, ‘ಬಂತು, ದಂಡಿಗೆ ಬಂತು. ಇನ್ನ ಬರ್ತಾರ’ ಅಂದು ಕೈ ಬಿಟ್ಳು. ಆಮ್ಯಾಲೆ ಬಾಗಲಾ ನೋಡ್ಕೋತ ಮಲಗಿದಾಕಿ, ಕಣ್ಣ ಆ ಕಡೆ ಈ ಕಡೆ ಸರಸಲಿಲ್ಲ.”

ಆಮೇಲೆ ಅವಳು ಅವ್ವನ ಮುಚ್ಚಿದ ಕೈಗಳನ್ನು ಬಿಡಿಸಿ ತೋರಿಸಿದಳು. ಎರಡೂ ಅಂಗೈಯ ಅಡ್ಡಕ್ಕೆ ಚರ್ಮ ಸುಲಿದು ಕೆಂಪಾಗಿತ್ತು. ಜೀವಮಾನವಿಡೀ ಬಾವಿಯ ನೀರು ಸೇದಿ ದಡ್ಡುಗಟ್ಟಿದ ಕೈ ಅವು. ಅವಳ ಹತ್ತಿರ ಕೌದಿ ಬಿಟ್ಟರೆ ಏನೂ ಇರಲಿಲ್ಲವೆಂದು ಗಂಗವ್ವ ಆಣೆ ಮಾಡಿ ಹೇಳಿದಳು. ಅಣ್ಣ ತನ್ನ ಕೈ ನೋಡಿಕೊಂಡ, ಅವ್ವನ ಕೈ ನೋಡಿದ, ಮೀನಿನ ಗಂಟಿನ ಮೇಲೆಯೇ ಕುಸಿದು ಕೂತ. ಮತ್ತೆಂದೂ ಅವನು ಸಮುದ್ರದ ಕಡೆ ಹೋಗಲಿಲ್ಲ.

ಜ್ವರದ ಭ್ರಮೆ ಎನ್ನಬಹುದು. ಮಗ ಹಗ್ಗ ಎಳೆಯುತ್ತಾನೆಂದು ಅವಳಿಗೆ ಗೊತ್ತಿತ್ತು, ಅದೇ ನೆನಪಾಗಿರಬಹುದು. ಕಡಲಿನ ಸೆಳೆತ ತಿರುಗಿ ಬಲೆ ಹಗುರಾಗಿರಬಹುದು. ಹೀಗೆ ಒಂದೊಂದಕ್ಕೂ ಒಂದೊಂದು ಸಮಾಧಾನ ಹುಡುಕಿದ್ದೇನೆ. ಆ ಅಂಗೈಗಳಿಗೆ ಮಾತ್ರ ಇನ್ನೂ ಸಿಕ್ಕಿಲ್ಲ. ಸಿಕ್ಕರೂ ನನ್ನ ಸಂಕಟ ಹೋಗಲಾರದು. ‘ಇನ್ನ ಬರ್ತಾರ’ ಎಂದು ಅವ್ವ ಬಾಗಿಲು ನೋಡುತ್ತ ಮಲಗಿದ ಹೊತ್ತಿಗೆ ನಾವಿಬ್ಬರೂ ಮರಳ ಮೇಲೆ ಕೂತು, ದಪ್ಪ ಬಂಗಡೆ ಯಾರ ಪಾಲಿಗೆ ಬೀಳುತ್ತದೋ ಎಂದು ನಗುತ್ತಿದ್ದೆವು.