ಬಾಯಿಲ್ಲದ ಹಾಲಿನ ಕ್ಯಾನು

ಕಳೆದ ತಿಂಗಳು ಒಂದು ಸಭೆಯ ವರದಿಗೆಂದು ಚನ್ನರಾಯಪಟ್ಟಣಕ್ಕೆ ಹೋಗಿದ್ದೆ. ಸಭೆ ತಡವಾಗುವ ಲಕ್ಷಣವಿತ್ತು. ಬಸ್ ನಿಲ್ದಾಣದ ಹಿಂದಿನ ರಸ್ತೆಯಲ್ಲಿ ಟೀ ಕುಡಿಯುತ್ತ ನಿಂತಾಗ ಎದುರಿನ ಗುಜರಿ ಅಂಗಡಿಯ ಮುಂದೆ ಒಂದು ಹಾಲಿನ ಕ್ಯಾನು ಕಾಣಿಸಿತು. ಅಲ್ಯೂಮಿನಿಯಂನ ಹಳೆಯ ಕ್ಯಾನು. ಅದಕ್ಕೆ ಬಾಯಿ ಇರಲಿಲ್ಲ. ಕುತ್ತಿಗೆ ಇರಬೇಕಾದ ಕಡೆ ದಪ್ಪ ತಗಡು ಕೂರಿಸಿ ಸುತ್ತಲೂ ಬೆಸುಗೆ ಹಾಕಿದ್ದರು. ಪಕ್ಕದಲ್ಲಿ ಮುರಿದ ಪಟ್ಟಿಯ ತುಂಡೊಂದು ಅಂಟಿಕೊಂಡಿತ್ತು.

ನಾನು ನೋಡುತ್ತಿದ್ದುದನ್ನು ಗಮನಿಸಿ ಅಂಗಡಿಯವನು ಅದನ್ನು ಕಾಲಲ್ಲಿ ಉರುಳಿಸಿದ. "ಬಾಯೇ ಇಲ್ದಿರೋ ಕ್ಯಾನು ಸಾ. ಇದರೊಳಕ್ಕೆ ಆಲು ಎಲ್ಲಿಂದ ಉಯ್ತಿದ್ರೋ ಏನೋ" ಎಂದು ನಕ್ಕ.

ನಾನು ನಗಲಿಲ್ಲ. ಆ ಬೆಸುಗೆ ಬೀಳುವಾಗ ನಾನು ಪಕ್ಕದಲ್ಲಿ ನಿಂತಿದ್ದೆ. ಅದನ್ನು ಹಾಕಿಸಿದವರು ನಮ್ಮ ಪಕ್ಕದ ಮನೆಯವರು. ಊರಿನಲ್ಲಿ ಅವರನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಹಾಲಿನ ಸೊಸೈಟಿಯ ಕಾರ್ಯದರ್ಶಿ ಆಗಿದ್ದರಿಂದ ಎಲ್ಲರಿಗೂ ಸೆಕ್ರೆಟರಮ್ಮ. ನಾನೂ ಹಾಗೆಯೇ ಕರೆಯುತ್ತೇನೆ.

ನಮ್ಮೂರು ಇರುವುದು ಗೊರೂರಿನ ಅಣೆಕಟ್ಟೆಯ ಹಿನ್ನೀರಿನ ಅಂಚಿನಲ್ಲಿ. ನೀರು ನಿಂತ ಮೇಲೆ ಅರಕಲಗೂಡಿಗೆ ಇದ್ದ ನೇರ ರಸ್ತೆ ಮುಳುಗಿತು. ಸುತ್ತು ದಾರಿ ಇತ್ತು, ಆದರೆ ಮಳೆಗಾಲದಲ್ಲಿ ಅದು ಎತ್ತಿಗೂ ಕಷ್ಟ. ಹಾಲಿನ ವ್ಯಾನ್ ಆಚೆ ದಡದ ಡಾಂಬರು ರಸ್ತೆಯವರೆಗೆ ಮಾತ್ರ ಬರುತ್ತಿತ್ತು. ಊರಿನ ಹಾಲು ಬೆಳಿಗ್ಗೆ ದೋಣಿಯಲ್ಲಿ ನೀರು ದಾಟಿ ಅಲ್ಲಿಗೆ ತಲುಪಬೇಕು. ನಾನು ಆಗ ಹಾಸನದ ಒಂದು ಪತ್ರಿಕೆಯಲ್ಲಿ ಹೊಸದಾಗಿ ಸೇರಿದ್ದೆ. ಹಾಲಿನ ಜೊತೆಗೇ ದಾಟಿ ಬಸ್ಸು ಹಿಡಿಯುತ್ತಿದ್ದೆ. ಹಾಗಾಗಿ ಇಲ್ಲಿ ಬರೆಯುವುದರಲ್ಲಿ ಹೆಚ್ಚಿನದು ಕಣ್ಣಾರೆ ಕಂಡದ್ದು.

ಆ ಸೊಸೈಟಿ ಕಟ್ಟಿದವರೇ ಸೆಕ್ರೆಟರಮ್ಮ. ಅದಕ್ಕೂ ಮೊದಲು ಊರಿನಲ್ಲಿ ಮನೆಗೆ ಬೇಕಾದಷ್ಟೇ ಹಾಲು ಕರೆಯುತ್ತಿದ್ದರು. ಮಾರುವುದೆಲ್ಲಿ? ಅವರು ಮನೆಮನೆಗೂ ಹೋಗಿ, ನೀವು ಹಸು ಕಟ್ಟಿ, ಆಚೆ ದಡಕ್ಕೆ ಹಾಲು ಮುಟ್ಟಿಸುವ ಕೆಲಸ ನನ್ನದು ಎಂದು ಹೇಳಿದರಂತೆ. ಇದು ನಾನು ಕೇಳಿದ್ದು. ಆ ಮಾತಿನ ಮೇಲೆ ಹೆಂಗಸರು ಹಸು ಕಟ್ಟಿದ್ದನ್ನು ಮಾತ್ರ ಕಂಡಿದ್ದೇನೆ.

ದೋಣಿ ಮೊದಲು ಮೀನಿನ ಗುತ್ತಿಗೆದಾರರೊಬ್ಬರದ್ದಾಗಿತ್ತು. ಅಲ್ಯೂಮಿನಿಯಂನ ಸಣ್ಣ ದೋಣಿ, ಹಿಂದುಗಡೆ ಒಂದು ಮೋಟರ್. ಆ ಮೋಟರಿಗೆ ನಡುನೀರಿನಲ್ಲಿ ನಿಲ್ಲುವ ಚಾಳಿಯಿತ್ತು. ಬೇಸಿಗೆಯಲ್ಲಾದರೆ ಹುಟ್ಟು ಹಾಕಿಕೊಂಡು ದಡ ಸೇರಬಹುದು. ಆಷಾಢದ ಗಾಳಿಯಲ್ಲಿ ಹುಟ್ಟು ಎಳೆದಷ್ಟೂ ದೋಣಿ ಹಿಂದಕ್ಕೇ ಹೋಗುತ್ತಿತ್ತು. ಆ ವರ್ಷ ಹಾಗೆ ಹಲವು ಸಲ ಆಯಿತು. ದಡ ಮುಟ್ಟುವ ಹೊತ್ತಿಗೆ ವ್ಯಾನ್ ಹೋಗಿರುತ್ತಿತ್ತು, ಹಾಲು ವಾಪಸ್ಸು.

ವ್ಯಾನಿನ ಜೊತೆ ಬರುತ್ತಿದ್ದ ಸೂಪರ್‌ವೈಸರ್ ಕೆಟ್ಟವರಲ್ಲ. ಅವರ ಕಷ್ಟವೂ ನಿಜವಿತ್ತು, ಮುಂದಿನ ಊರುಗಳ ಹಾಲು ಕಾಯುತ್ತಿರುತ್ತಿತ್ತು. ಒಂದು ಬೆಳಿಗ್ಗೆ ಅವರು ನೇರವಾಗಿ ಹೇಳಿದರು: "ನೋಡಮ್ಮ, ಆಷಾಢ ಮುಗಿಯೋದ್ರೊಳಗೆ ಸರಿ ಮಾಡ್ಕೊಳ್ಳಿ. ಇಲ್ಲಾಂದ್ರೆ ನಿಮ್ಮೂರನ್ನ ಈ ರೂಟಿಂದ ಕೈಬಿಡಬೇಕಾಗುತ್ತೆ."

ವಾಪಸ್ಸು ಬರುವಾಗ ಸೆಕ್ರೆಟರಮ್ಮ ಕ್ಯಾನಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಬಸ್ಸು ತಪ್ಪಿದ್ದರಿಂದ ನಾನೂ ಜೊತೆಗಿದ್ದೆ. ದಡ ಹತ್ತಿರವಾದಾಗ ಅಂದರು: "ನನ್ ಮಾತ್ ಕೇಳಿ ಅಸ ಕಟ್ಟವ್ರೆ ಕಣ್ಲಾ ಪೇಪರಪ್ಪ. ಈಗ ಆಲ್ನ ನೀವೇ ಕುಡ್ಕಳಿ ಅನ್ನಕಾಯ್ತದಾ?"

ಪೇಪರಪ್ಪ ಎಂದರೆ ನಾನು.

ಎರಡನೆಯ ಮೋಟರಿನ ಯೋಚನೆ ದೋಣಿ ನಡೆಸುತ್ತಿದ್ದವನದ್ದು. ಮೀನಿನ ಕೆಲಸ ಬಿಟ್ಟಿದ್ದ ಅವನ ಭಾವನ ಮನೆಯಲ್ಲಿ ಅಂಥದೇ ಮೋಟರ್ ಸುಮ್ಮನೆ ಬಿದ್ದಿತ್ತು. ಒಂದು ನಿಂತರೆ ಇನ್ನೊಂದು ಎಳೆಯುತ್ತದೆ ಎಂಬ ಸರಳ ಲೆಕ್ಕ. ಮೋಟರ್ ಬಂತು. ದೋಣಿಯ ಹಿಂಬದಿಯ ಹಲಗೆ ಬದಲಾಯಿಸಿ ದಪ್ಪದ್ದು ಹಾಕಿದರು. ಎರಡನ್ನೂ ತಿರುಗಿಸಿದಾಗ ಒಂದಕ್ಕೊಂದು ತಾಗದಷ್ಟು ಅಂತರ ಬಿಟ್ಟು ಕೂರಿಸಿದರು. ಒಂದು ಹಿಡಿಯಲ್ಲೇ ಎರಡೂ ತಿರುಗಲೆಂದು ನಡುವೆ ಒಂದು ಕಬ್ಬಿಣದ ಪೈಪು ಜೋಡಿಸಿದರು. ಪರೀಕ್ಷೆಗೆ ಹಾಲು ಯಾಕೆ ಎಂದು ಕ್ಯಾನುಗಳಿಗೆ ನೀರು ತುಂಬಿದರು. ಊರಿನ ಅರ್ಧ ಜನ ದಡದಲ್ಲಿದ್ದರು.

ದೋಣಿ ಹೊರಟಿತು. ಮೂತಿ ಮೇಲೆತ್ತಿತು. ಹಿಂಭಾಗ ನೀರಿಗೆ ಕುಸಿಯಿತು. ಹಿಂದಿನಿಂದ ಒಂದು ಅಲೆ ಒಳಗೆ ಬಂತು, ಅದರ ಹಿಂದೆ ಇನ್ನೊಂದು... ಎದೆಮಟ್ಟದ ನೀರಿನಲ್ಲಿ ದೋಣಿ ನಿಧಾನವಾಗಿ, ಯಾವ ಗಲಾಟೆಯೂ ಇಲ್ಲದೆ, ಕೂತುಬಿಟ್ಟಿತು. ಯಾರಿಗೂ ಏನೂ ಆಗಲಿಲ್ಲ. ದಡದ ಮೇಲೆ ಒಬ್ಬಾಕೆ, "ನೀರ್ನಾಗೆ ನೀರು ಸಾಗ್ಸಕ್ ಓಗವ್ರೆ ನೋಡ್ರವ್ವ" ಎಂದಳು. ಎಲ್ಲರೂ ನಕ್ಕರು. ನೀರಿನಲ್ಲಿ ನಿಂತಿದ್ದ ಸೆಕ್ರೆಟರಮ್ಮನೂ ನಕ್ಕರು.

ತಪ್ಪು ಎಲ್ಲಿದೆ ಎಂದು ದೋಣಿಯವನಿಗೆ ಕೂಡಲೇ ತಿಳಿಯಿತು. ಎರಡು ಮೋಟರಿನ ಭಾರ ಹಿಂದೆ, ತುಂಬಿದ ಕ್ಯಾನುಗಳ ಭಾರವೂ ಹಿಂದೆ. ಕ್ಯಾನುಗಳನ್ನು ಮುಂದಕ್ಕೆ ತಂದರೆ ಮುಗಿಯಿತು. ಹೊರಗಿನವರು ಯಾರಾದರೂ ಆಗಿದ್ದರೆ ಮೊದಲೇ ಹಾಗೆ ಮಾಡುತ್ತಿದ್ದರು. ನಮ್ಮೂರಿನಲ್ಲಿ ಅದು ಯಾರ ತಲೆಗೂ ಹೊಳೆದಿರಲಿಲ್ಲ, ಹೊಳೆದ ಮೇಲೂ ಯಾರೂ ಒಪ್ಪಲಿಲ್ಲ. ಜನ ದೋಣಿ ಹತ್ತುವುದು, ಇಳಿಯುವುದು ಮೂತಿಯ ಕಡೆಯಿಂದ. ಹಾಲು ಅಲ್ಲಿದ್ದರೆ ಅದನ್ನು ದಾಟಿಕೊಂಡೇ ಓಡಾಡಬೇಕು. ನಮ್ಮಲ್ಲಿ ಹಾಲನ್ನು ಕಾಲಿನಿಂದ ದಾಟುವುದಿಲ್ಲ. ಕರೆಯುವ ತಂಬಿಗೆ ದಾರಿಗಡ್ಡ ಇದ್ದರೆ ಮಕ್ಕಳೂ ಸುತ್ತಿಕೊಂಡು ಹೋಗುತ್ತವೆ. ಮೊದಲ ದಿನದಿಂದಲೂ ಹಾಲು ಹಿಂದೆ, ಜನ ಮುಂದೆ.

ಒದ್ದೆ ಸೆರಗು ಹಿಂಡುತ್ತ ನಿಂತಿದ್ದ ಸೆಕ್ರೆಟರಮ್ಮನ ಕಡೆಗೆ ಎಲ್ಲರೂ ನೋಡಿದರು. ಹಾಲು ದಾಟಬಾರದೆಂಬ ಊರಿನ ಮುದುಕಿಯರ ಮಾತನ್ನು ಅವರು ತಳ್ಳಿಹಾಕುತ್ತಾರೆ ಎಂದು ನಾನು ಎಣಿಸಿದ್ದೆ. ಅವರು ದೋಣಿಯವನನ್ನು ದಿಟ್ಟಿಸುತ್ತಿದ್ದರು. ಆತ ನೀರು ಚೆಲ್ಲಿ ಮುಚ್ಚಳ ಹಾಕಿದ ಒಂದು ಖಾಲಿ ಕ್ಯಾನಿನ ಮೇಲೆ ಎರಡೂ ತೋಳು ಹಾಕಿಕೊಂಡು ನೀರಿನಲ್ಲಿ ತೇಲುತ್ತ, ಮುಂದೇನು ಎಂದು ಕೇಳುತ್ತಿದ್ದ. ಹಿನ್ನೀರಿನ ಮಕ್ಕಳು ಈಜು ಕಲಿಯುವುದೇ ಹಾಗೆ, ಖಾಲಿ ಕ್ಯಾನು ತಬ್ಬಿಕೊಂಡು.

"ಆಲು ಇರೋ ಜಾಗದಾಗೇ ಇರ್ಲಿ" ಎಂದರು ಅವರು. "ದೋಣಿನೇ ಇಂದಕ್ಕೆ ಬೆಳೆಸಾನ."

ಸೊಸೈಟಿಯ ಕೋಣೆಯಲ್ಲಿ ಬಾಯಿ ಸೊಟ್ಟಗಾಗಿ ಹಾಲಿಗೆ ಬಾರದ ಕ್ಯಾನುಗಳು ಬಿದ್ದಿದ್ದವು. ಅವುಗಳ ಕುತ್ತಿಗೆ ಕತ್ತರಿಸಿ, ಬಾಯಿ ಮುಚ್ಚಿ, ದೋಣಿಯ ಹಿಂಭಾಗದ ಎರಡೂ ಪಕ್ಕಕ್ಕೆ ಬೆಸೆದರೆ ಅವೇ ಮೋಟರಿನ ಭಾರ ಹೊರುತ್ತವೆ ಎಂಬುದು ಅವರ ಮಾತು. ದೋಣಿಯವನು ಕ್ಯಾನಿನ ಮೇಲೆ ತನ್ನ ಪೂರ್ತಿ ಭಾರ ಹಾಕಿ ಒತ್ತಿ ನೋಡಿದ. ಅದು ಮುಳುಗಲಿಲ್ಲ.

ದೋಣಿಯನ್ನು ಟ್ರ್ಯಾಕ್ಟರಿನ ಟ್ರೇಲರಿಗೆ ಹಾಕಿ ಹೊಳೆನರಸೀಪುರಕ್ಕೆ ಒಯ್ದರು. ಅಲ್ಲಿ ಅಲ್ಯೂಮಿನಿಯಂ ಬೆಸೆಯುವ ಮೆಷಿನ್ ಇದ್ದ ಒಂದು ಶೆಡ್ಡಿತ್ತು. ಸುದ್ದಿಯಾಗಬಹುದು ಎಂದು ನಾನೂ ಹೋದೆ. ಶೆಡ್ಡಿನವನು ದೋಣಿ ನೋಡಿದ, ಕ್ಯಾನು ನೋಡಿದ, ಕೊನೆಗೆ ಸೆಕ್ರೆಟರಮ್ಮನನ್ನು ನೋಡಿದ. "ಏನಕ್ಕ, ದೋಣಿಗೆ ಕೆಚ್ಚಲು ಕಟ್ಟಿಸ್ತೀರಾ?" ಎಂದ.

"ಊಂ ಕಣಪ್ಪ. ನಾಕು ಮೊಲೆ ಇರಂಗೆ ಕಟ್ಟು" ಎಂದರು ಇವರು.

ಮೊದಲ ಕ್ಯಾನು ಶಾಖಕ್ಕೆ ತೂತು ಬಿತ್ತು. ಎರಡನೆಯದರ ಬೆಸುಗೆ ಕಪ್ಪಾಗಿ ಗುಳ್ಳೆ ಎದ್ದಿತು. ಅವನು ಮೆಷಿನ್ ಆರಿಸಿ, ತಗಡಿನಲ್ಲಿ ಜಿಡ್ಡು ಕೂತಿದೆ, ಜಿಡ್ಡಿನ ಮೇಲೆ ಬೆಸುಗೆ ನಿಲ್ಲುವುದಿಲ್ಲ ಎಂದ. ವರ್ಷಗಟ್ಟಲೆ ಹಾಲು ಕುಡಿದ ಲೋಹ ಅದು. ಸೆಕ್ರೆಟರಮ್ಮ ಪಕ್ಕದ ಹೋಟೆಲಿನಿಂದ ಕುದಿಯುವ ನೀರು ತರಿಸಿ, ವಾಷಿಂಗ್ ಸೋಡಾ ಹಾಕಿ ಶೆಡ್ಡಿನ ಬಾಗಿಲಲ್ಲೇ ಕೂತು ತಿಕ್ಕಿದರು. ಅವನು ತಂತಿಬ್ರಷ್ ಹಿಡಿದು ಎದುರು ಕೂತ. ಹಾಲಿನ ಜಿಡ್ಡು ಹೇಗೆ ಬಿಡಿಸುವುದು ಎಂದು ಇವರು ಅವನಿಗೆ ಹೇಳಿದರು. ಮುಚ್ಚಿದ ಕ್ಯಾನಿನೊಳಗಿನ ಗಾಳಿ ಕಾದು ಬೆಸುಗೆಯನ್ನು ಒಡೆಯದಂತೆ ಸೂಜಿಮೊನೆಯಷ್ಟು ತೂತು ಬಿಟ್ಟು, ಅದನ್ನು ಕಡೆಯಲ್ಲಿ ಮುಚ್ಚುವುದು ಹೇಗೆ ಎಂದು ಅವನು ಇವರಿಗೆ ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಇಬ್ಬರೂ ಒಬ್ಬರನ್ನೊಬ್ಬರು ಬೈಯುವಷ್ಟು ಸಲಿಗೆಯಾಗಿತ್ತು.

ನಾಲ್ಕು ಕ್ಯಾನು ಸಿದ್ಧವಾದವು. ದೋಣಿಗೆ ಬೆಸೆಯುವ ಮೊದಲು ಪರೀಕ್ಷೆ ಆಗಲೇಬೇಕೆಂದು ಸೆಕ್ರೆಟರಮ್ಮ ಹಟ ಹಿಡಿದರು. ಸಿಮೆಂಟ್ ತೊಟ್ಟಿಯಲ್ಲಿ ಕಲ್ಲು ಹೇರಿ ಅವನ್ನು ಮುಳುಗಿಸಿಟ್ಟರು. ಸಂಜೆ ಹೊರತೆಗೆದು, ಒಳಗೆ ನೀರು ಕುಲುಕುತ್ತದೆಯೇ ಎಂದು ಸೆಕ್ರೆಟರಮ್ಮ ಒಂದೊಂದನ್ನೇ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಶೆಡ್ಡಿನವನು ಕೈಕಟ್ಟಿ ನಿಂತಿದ್ದ, ಪರೀಕ್ಷೆ ಬರೆದವನ ಹಾಗೆ.

"ತೆಂಗಿನಕಾಯಿ ಆದ್ರೆ ಮಾತಾಡ್ಬೇಕು, ಇದು ಮಾತಾಡ್ಬಾರ್ದು" ಎಂದರು. ನಾಲ್ಕನೆಯದನ್ನೂ ಅಲ್ಲಾಡಿಸಿ ಕೆಳಗಿಟ್ಟು, "ಆಕಪ್ಪ ದೋಣಿಗೆ" ಎಂದರು.

ಎಡಕ್ಕೆ ಎರಡು, ಬಲಕ್ಕೆ ಎರಡು. ಹಲಗೆಯಿಂದ ದೋಣಿಯ ಪಕ್ಕೆಗಳವರೆಗೆ ಅಡ್ಡಪಟ್ಟಿಗಳು. ನೋಡಲು ವಿಚಿತ್ರವಾಗಿತ್ತು. ಆದರೆ ನೀರಿಗಿಳಿಸಿ, ಮೋಟರ್ ಕೂರಿಸಿ, ತುಂಬಿದ ಕ್ಯಾನುಗಳನ್ನು ಅವುಗಳ ಹಳೆಯ ಜಾಗದಲ್ಲೇ ಇಟ್ಟಾಗ ದೋಣಿ ಸಮನಾಗಿ ನಿಂತಿತು.

ಅಷ್ಟರಲ್ಲಿ ಆಷಾಢದ ಕೊನೆಯ ದಿನಗಳು ಬಂದಿದ್ದವು. ಗಾಳಿಯಿಲ್ಲದ ಒಂದು ವಾರ ಎರಡೂ ಮೋಟರ್ ಓಡಿದವು, ವ್ಯಾನಿಗಿಂತ ಮೊದಲೇ ದೋಣಿ ದಡ ಸೇರುತ್ತಿತ್ತು. ಸೂಪರ್‌ವೈಸರ್ ಒಪ್ಪಲಿಲ್ಲ. ಗಾಳಿಯಿಲ್ಲದ ದಿನ ಹಳೆಯ ಮೋಟರೂ ಓಡುತ್ತಿತ್ತು, ನಿಜವಾದ ಗಾಳಿಯಲ್ಲಿ ನೋಡೋಣ ಎಂದರು. ಆ ಮಾತಿನಲ್ಲಿ ತಪ್ಪಿರಲಿಲ್ಲ.

ಗಾಳಿ ಬಂದದ್ದು ಆಷಾಢ ಮುಗಿಯುವ ಅಮಾವಾಸ್ಯೆಯ ಹಿಂದಿನ ದಿನ ಬೆಳಿಗ್ಗೆ. ನೀರು ಬೂದು ಬಣ್ಣಕ್ಕೆ ತಿರುಗಿ ನೊರೆ ಎದ್ದಿತ್ತು. ದೋಣಿಯವನು ಆಕಾಶ ನೋಡಿದ. ಸೆಕ್ರೆಟರಮ್ಮ ಆಚೆ ದಡ ನೋಡಿದರು. ನಾವು ಹೊರಟೆವು. ನಡುನೀರಿಗೆ ಬಂದಾಗ ಎಡಗಡೆಯ ಮೋಟರ್ ಗೊರಗೊರ ಎಂದು ನಿಂತುಹೋಯಿತು. ನೀರಿನಡಿಯ ಜೊಂಡು ಅದರ ರೆಕ್ಕೆಗೆ ಸುತ್ತಿಕೊಂಡಿತ್ತು. ದೋಣಿ ಒಂದು ಪಕ್ಕಕ್ಕೆ ವಾಲಿ ತಿರುಗತೊಡಗಿತು. ಇಷ್ಟು ವರ್ಷ ಆ ಸದ್ದು ನಿಂತ ಕೂಡಲೇ ಎಲ್ಲ ಮುಗಿಯುತ್ತಿತ್ತು. ಹಾಲಿನ ಜೊತೆ ಬಂದಿದ್ದ ಹೆಂಗಸರು ಅಭ್ಯಾಸದಂತೆ ಹುಟ್ಟಿಗೆ ಕೈ ಹಾಕಿದರು.

"ವಾಪಸ್ ಓಗನಾ ಅವ್ವ?" ಎಂದು ದೋಣಿಯವನು ಕೂಗಿ ಕೇಳಿದ.

"ಇನ್ನೊಂದು ಓಡ್ತಾ ಅದಲ್ಲ. ಅದರ ಸದ್ದು ಕೇಳು, ನಿಂತಿದ್ದರದ್ದು ಬ್ಯಾಡ."

ಅವನು ನಿಂತ ಮೋಟರನ್ನು ನೀರಿನಿಂದ ಮೇಲೆತ್ತಿ, ಹಿಡಿಯನ್ನು ಪೂರ್ತಿ ಒಂದು ಕಡೆಗೆ ಒತ್ತಿ ಹಿಡಿದ. ದೋಣಿ ನೇರವಾಯಿತು. ವೇಗ ಕಡಿಮೆಯಾಗಿತ್ತು. ಆದರೆ ಹಿಂದಕ್ಕೆ ಹೋಗುತ್ತಿರಲಿಲ್ಲ. ನಾನು ದಡದ ಮೇಲಿನ ಒಂಟಿ ಹುಣಸೆಮರವನ್ನೇ ನೋಡುತ್ತಿದ್ದೆ. ಅದು ಬೆಳೆಯುತ್ತ ಬಂತು. ಪಕ್ಕದಿಂದ ಹಿಂದಕ್ಕೆ ಸುತ್ತಿ ಬಂದ ಅಲೆಗಳು ಆ ಬಾಯಿಲ್ಲದ ಕ್ಯಾನುಗಳಿಗೆ ಬಡಿದು ಒಡೆಯುತ್ತಿದ್ದವು. ಒಳಗೆ ಬಂದದ್ದು ಬರೀ ತುಂತುರು.

ವ್ಯಾನಿನ ಎಂಜಿನ್ ಆಗಲೇ ಓಡುತ್ತಿತ್ತು. ಸೂಪರ್‌ವೈಸರ್ ಬಾಗಿಲಿಗೆ ಕೈ ಹಾಕಿ ನಿಂತಿದ್ದರು. ದೋಣಿಯ ಮೂತಿ ಮಣ್ಣಿಗೆ ತಾಗಿತು. ಜನ ಮುಂದಿನಿಂದ ಇಳಿದರು, ಹಾಲನ್ನು ಯಾರೂ ದಾಟಲಿಲ್ಲ. ಮೊಣಕಾಲು ನೀರಿನಲ್ಲಿ ನಿಂತು ಹಿಂದಿನಿಂದ ಒಂದೊಂದೇ ಕ್ಯಾನು ಇಳಿಸಿದರು. ಸೂಪರ್‌ವೈಸರ್ ಹಾಲು ಪರೀಕ್ಷಿಸಿ, ತಲೆಯಾಡಿಸಿ, ಆಮೇಲೆ ದೋಣಿಯ ಕಡೆ ನೋಡಿದರು. ಒಂದು ಮೋಟರ್ ಮಾತ್ರ ಓಡುತ್ತಿದೆ ಎಂದು ಅವರಿಗೆ ಆಗ ಗೊತ್ತಾಯಿತು.

ಸೆಕ್ರೆಟರಮ್ಮ ಸೆರಗಿನಿಂದ ಮುಖ ಒರೆಸಿಕೊಂಡು ಅಂದರು: "ಎರಡೂ ಓಡಿದ್ನ ನೋಡಿದ್ರಿ, ಒಪ್ಲಿಲ್ಲ. ಒಂದು ನಿಂತಿದ್ನೂ ಈಗ ನೋಡಿದ್ರಿ ಸಾ. ಇನ್ನೇನ್ ನೋಡ್ಬೇಕು?"

ಸೂಪರ್‌ವೈಸರ್ ನಕ್ಕುಬಿಟ್ಟರು. ಊರು ರೂಟಿನಲ್ಲಿ ಉಳಿಯಿತು. ಅಂದು ದೋಣಿ ವಾಪಸ್ಸು ಬರುವುದರೊಳಗೆ, ಈಚೆ ದಡದಲ್ಲಿ ನಿಂತು ನೋಡುತ್ತಿದ್ದವರಿಂದ ಸುದ್ದಿ ಊರು ಮುಟ್ಟಿತ್ತು. ನೀರಿನಲ್ಲಿ ನೀರು ಸಾಗಿಸುತ್ತಾರೆ ಎಂದಿದ್ದ ಆಕೆಯೇ ದಡಕ್ಕೆ ಆರತಿ ತಟ್ಟೆ ತಂದಿದ್ದಳಂತೆ. ಆರತಿ ಎತ್ತಿದ್ದು ಸೆಕ್ರೆಟರಮ್ಮನಿಗಲ್ಲ, ದೋಣಿಯ ಹಿಂಭಾಗಕ್ಕೆ. ನಾನು ಅಷ್ಟರಲ್ಲಿ ಹಾಸನದ ಬಸ್ಸಿನಲ್ಲಿದ್ದೆ... ಅದೊಂದನ್ನು ಕಾಣಲಿಲ್ಲ.

ಆ ದೋಣಿ ಇನ್ನೂ ಹಲವು ಮಳೆಗಾಲ ಓಡಿತು. ಊರಿನಲ್ಲಿ ಹಸುಗಳು ಹೆಚ್ಚಾದವು. ಆಮೇಲೆ ಸುತ್ತು ದಾರಿಗೆ ಡಾಂಬರು ಬಿತ್ತು, ವ್ಯಾನ್ ಸೊಸೈಟಿಯ ಬಾಗಿಲಿಗೇ ಬಂತು. ಮೊದಲ ದಿನ ಬಂದ ವ್ಯಾನನ್ನು ಸೆಕ್ರೆಟರಮ್ಮ ಒಂದು ಸುತ್ತು ಹಾಕಿ ನೋಡಿ, ಇದು ನಡುದಾರಿಯಲ್ಲಿ ನಿಂತರೆ ಎಳೆಯುವುದಕ್ಕೆ ಇನ್ನೊಂದು ಎಲ್ಲಿದೆ ಎಂದು ಡ್ರೈವರನ್ನು ಕೇಳಿದರು. ಅದಾಗಿ ಎರಡು ಮಳೆಗಾಲ ಕಳೆದ ಮೇಲೆ ಅವರು ತೀರಿಕೊಂಡರು. ಅಂದು ನಾನು ಕೆಲಸದ ಮೇಲೆ ದೂರದಲ್ಲಿದ್ದೆ. ಬರುವ ಹೊತ್ತಿಗೆ ಎಲ್ಲ ಮುಗಿದಿತ್ತು. ದೋಣಿ ಯಾವಾಗ ಯಾರ ಕೈ ಸೇರಿತೋ ಗೊತ್ತಿಲ್ಲ. ಒಡೆದು ಹಂಚಿಹೋಗಿ, ಅದರ ಒಂದು ತುಂಡು ಚನ್ನರಾಯಪಟ್ಟಣದವರೆಗೆ ಬಂದಿತ್ತು.

ಗುಜರಿಯವನು ಇನ್ನೂ ನಗುತ್ತಿದ್ದ. ನಾನು ಟೀ ಲೋಟ ಕೆಳಗಿಟ್ಟು ಹೋಗಿ ಕ್ಯಾನನ್ನು ಎತ್ತಿಕೊಂಡೆ. ಎಷ್ಟೋ ಮಳೆಗಾಲ ನೀರಿನಲ್ಲಿದ್ದ ಲೋಹ. ಕೈಗೆ ಹಗುರವಾಗಿತ್ತು. ರಸ್ತೆಯಲ್ಲಿ ಬಸ್ಸುಗಳ ಹಾರ್ನು ನಿಲ್ಲುವವರೆಗೆ ಕಾದೆ. ಆಮೇಲೆ ಅಂದು ಸೆಕ್ರೆಟರಮ್ಮ ಹಿಡಿದಿದ್ದಂತೆ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

ಅದು ಮಾತಾಡಲಿಲ್ಲ.