ಕಿಡಿಯಿಲ್ಲದ ಪ್ಲಗ್ಗು

ಹಡಗಲಿಯ ಕಾಲೇಜೊಂದರಲ್ಲಿ ಗುಮಾಸ್ತನ ಕೆಲಸಕ್ಕೆ ಹನ್ನೊಂದು ಗಂಟೆಗೆ ಸಂದರ್ಶನವಿತ್ತು. ನನ್ನ ವಯಸ್ಸಿಗೆ ಅದೇ ಕೊನೆಯ ಅವಕಾಶ. ತಂಬ್ರಹಳ್ಳಿ ದಾಟುತ್ತಲೇ ನನ್ನ ಹಳೆಯ ಬೈಕು ನಿಂತುಬಿಟ್ಟಿತು. ತಳ್ಳಿಕೊಂಡು ರಸ್ತೆ ಬದಿಯ ಗ್ಯಾರೇಜಿಗೆ ಹೋದರೆ, ಅಲ್ಲಿ ಮೆಕ್ಯಾನಿಕ್‌ನ ಹೆಂಡತಿ ಮಾಬುನ್ನಿ ಒಬ್ಬಳೇ ಇದ್ದಳು.

"ಅವರು ಕೊಟ್ಟೂರಿಗೆ ಹೋಗ್ಯಾರ್ರಿ. ನಾನು ನೋಡ್ತೀನಿ ತಡೀರಿ," ಅಂದಳು.

"ಬ್ಯಾಡ ಬಿಡಮ್ಮ, ನಿನಗೇನು ತಿಳಿತೈತಿ? ಕಾರ್ಬೊರೇಟರ್‌ನಾಗ ಕಸ ಕುಂತೈತಿ. ಸ್ಕ್ರೂಡ್ರೈವರ್ ಕೊಡು ಸಾಕು."

ಕೊಟ್ಟಳು. ನಾನು ಕಾರ್ಬೊರೇಟರ್ ಬಿಚ್ಚಿ, ಪೆಟ್ರೋಲು ಹಾಯುವ ಸಣ್ಣ ಜೆಟ್ಟನ್ನು ಬಾಯಿಂದ ಊದಿ, ಮತ್ತೆ ಕೂಡಿಸಿದೆ. ಇಸ್ತ್ರಿ ಮಾಡಿದ ಅಂಗಿಯ ತುಂಬ ಪೆಟ್ರೋಲು. ಎಷ್ಟು ಕಿಕ್ ಹೊಡೆದರೂ ಗಾಡಿ ಉಸಿರೆತ್ತಲಿಲ್ಲ. ಒಂದು ತಾಸು ಹಾಗೇ ಹೋಯಿತು.

ಕೊನೆಗೆ ಅವಳೇ ಎದ್ದು ಬಂದು ಪ್ಲಗ್ ಬಿಚ್ಚಿ, ಎಂಜಿನ್ನಿಗೆ ತಾಗಿಸಿ ಹಿಡಿದು, "ಈಗ ಕಿಕ್ ಹೊಡೀರಿ," ಅಂದಳು. ಹೊಡೆದೆ.

"ನೋಡ್ರಿ, ಕಿಡಿನೇ ಬರವಲ್ದು. ಕಾರ್ಬೊರೇಟರ್ ತೊಳದ್ರ ಏನಾಕೈತಿ?"

ಪ್ಲಗ್ಗಿನ ವೈರಿನ ತುದಿ ಸುಟ್ಟಿತ್ತು. ಅವಳು ಬೆರಳಗಲ ಕತ್ತರಿಸಿ, ಕ್ಯಾಪನ್ನು ತಿರುಗಿಸಿ ಕೂಡಿಸಿದಳು. ಐದೇ ನಿಮಿಷದ ಕೆಲಸ. ಮೊದಲ ಕಿಕ್ಕಿಗೇ ಗಾಡಿ ಚಾಲೂ ಆಯಿತು.

"ಮೊದಲೇ ಹೇಳಬಾರದಿತ್ತೇನಮ್ಮ?" ಅಂತ ನಾನೇ ಅವಳ ಮೇಲೆ ರೇಗಿದೆ.

"ನೀವು ಕೇಳಿದ್ದು ಸ್ಕ್ರೂಡ್ರೈವರ್ ಅಷ್ಟ ಅಲ್ರೀ?" ಅಂದಳು. ನಗಲಿಲ್ಲ.

ನಾನು ಹಡಗಲಿ ಮುಟ್ಟುವ ಹೊತ್ತಿಗೆ ಸಂದರ್ಶನ ಮುಗಿದು, ಜವಾನ ಕುರ್ಚಿಗಳನ್ನು ಒಳಗಿಡುತ್ತಿದ್ದ. ಹಾಳಾದ ಗಾಡಿ ಕೈಕೊಟ್ಟಿತು ಅಂತಲೇ ಇವತ್ತಿಗೂ ಮನೆಯಲ್ಲಿ ಹೇಳುತ್ತೇನೆ. ಗಾಡಿಗೆ ಮಾತು ಬರುವುದಿಲ್ಲವಲ್ಲ, ಅದೊಂದು ಪುಣ್ಯ.